ಹಾಡನ್ನೂ ಲೆಕ್ಕ ಹಾಕುವ ದೇಶ

ಕೆನಡಾದವರಿಗೆ ದೇಶಾಭಿಮಾನ ಕಡಿಮೆ ಅಂತ ಊರಿನಲ್ಲಿ ಹಲವರು ಅಂದುಕೊಂಡಿದ್ದಾರೆ. ಎದೆ ತಟ್ಟಿಕೊಂಡು ಮಾತಾಡುವುದು ಇಲ್ಲಿ ಕಡಿಮೆ, ನಿಜ. ಆದರೆ ಟೊರೊಂಟೊ ಪಕ್ಕದಲ್ಲಿ ಬದುಕುತ್ತಾ ನನಗೆ ಅನ್ನಿಸಿದ್ದು, ಇವರ ಅಭಿಮಾನ ತಿಳಿಯಬೇಕಾದರೆ ಸುಮ್ನೆ ರೇಡಿಯೋ ಹಚ್ಚಬೇಕು.

ಇಲ್ಲಿನ ಖಾಸಗಿ ಇಂಗ್ಲಿಷ್ ಎಫ್‌ಎಂಗಳು ಹಾಕುವ ಜನಪ್ರಿಯ ಹಾಡುಗಳಲ್ಲಿ ನೂರಕ್ಕೆ 35 ಕೆನಡಾದ್ದೇ ಇರಬೇಕು. ರೇಡಿಯೋಗಳಿಗೆ ಈ ನಿಯಮ 1971ರಲ್ಲಿ ಶುರುವಾದಾಗ ಇದು 30 ಇತ್ತು. ಜನ ಮಲಗಿದ ಮೇಲೆ ಹಾಕಿ ಲೆಕ್ಕ ತುಂಬಿಸುವ ಹಾಗಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗೂ ಅಷ್ಟೇ ಪಾಲು ಕೊಡಬೇಕು. ಯಾವುದು ಕೆನಡಾದ ಹಾಡು ಅನ್ನುವುದಕ್ಕೂ ಅಳತೆ ಮಾಡಿದ್ದರು: ಸಂಗೀತ, ಗಾಯಕ, ಧ್ವನಿಮುದ್ರಣ, ಸಾಹಿತ್ಯ. ಈ ನಾಲ್ಕರಲ್ಲಿ ಎರಡಾದರೂ ಇಲ್ಲಿಯದಾಗಿರಬೇಕು. 1991ರಲ್ಲಿ ಈ ಅಳತೆ ಎಡವಿತು. ಇಲ್ಲೇ ಹುಟ್ಟಿದ ಗಾಯಕ ಬ್ರಯಾನ್ ಆಡಮ್ಸ್ ಹಾಡುಗಳು ಕೆನಡಾದ್ದಲ್ಲ ಅಂತಾಯಿತು, ಯಾಕೆಂದರೆ ಅವುಗಳನ್ನು ಹೊರದೇಶದವರ ಜೊತೆ ಸೇರಿ ಬರೆದಿದ್ದರು. ದೊಡ್ಡ ಗಲಾಟೆಯಾಗಿ ನಿಯಮ ತಿದ್ದಿದರು. ತಿದ್ದಿದರೇ ಹೊರತು ಕೈಬಿಡಲಿಲ್ಲ. ಅದು ನನಗೆ ಇಷ್ಟವಾಗುತ್ತದೆ.

ಇಷ್ಟೆಲ್ಲ ಯಾಕೆ? ಇಲ್ಲಿನ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಗಡಿಯಿಂದ 100 ಕಿ.ಮೀ. ಒಳಗೇ ಇದ್ದಾರೆ. ಭಾಷೆ ಬಹುಪಾಲು ಒಂದೇ, ಆ ಕಡೆ ಜನ ಎಂಟು ಪಟ್ಟಿಗಿಂತ ಜಾಸ್ತಿ. ಸಿನಿಮಾ, ಹಾಡು, ಪುಸ್ತಕ ಎಲ್ಲವೂ ತಾವಾಗಿ ಹರಿದು ಬರುತ್ತವೆ. 1951ರಲ್ಲೇ, ಕಲೆ-ಸಂಸ್ಕೃತಿಯ ಸ್ಥಿತಿ ನೋಡಲು ಸರ್ಕಾರ ನೇಮಿಸಿದ್ದ ಮ್ಯಾಸ್ಸಿ ಆಯೋಗ ಇದನ್ನು ಗುರುತಿಸಿತ್ತು. ಅದರ ಸಲಹೆಯಿಂದಲೇ ಕಲಾವಿದರಿಗೆ, ಬರಹಗಾರರಿಗೆ ಹಣ ಕೊಡುವ ಕೆನಡಾ ಕೌನ್ಸಿಲ್ 1957ರಲ್ಲಿ ಹುಟ್ಟಿತು. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಹಾಡು ಬೇಕು ಅಂತ ಕೇಳಿದವರಿಗೆ ಈ ಆತಂಕ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದ ಕತೆಯೇ ಬೇರೆ. ಅಲ್ಲಿನ ಫ್ರೆಂಚ್ ವಾಹಿನಿಗಳಲ್ಲಿ ನೂರಕ್ಕೆ 65 ಹಾಡು ಫ್ರೆಂಚಿನಲ್ಲೇ ಇರಬೇಕು. ಜೂನ್ 24 ಅವರ ನಾಡಹಬ್ಬ, ಜುಲೈ 1ರ ಕೆನಡಾ ದಿನಕ್ಕಿಂತ ಅದಕ್ಕೇ ಸಡಗರ ಜಾಸ್ತಿ. ಮೂಲನಿವಾಸಿಗಳಲ್ಲಿ ಹಲವರಿಗೆ ಜುಲೈ 1 ಹಬ್ಬವೇ ಅಲ್ಲ. ಅವರ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿ ಭಾಷೆ ಮರೆಸಿದ್ದೂ ಇದೇ ದೇಶ. 2021ರಿಂದ ಸೆಪ್ಟೆಂಬರ್ 30ನ್ನು ಅದರ ನೆನಪಿಗೆ ಇಟ್ಟಿದ್ದಾರೆ. ಆ ದಿನ ಶಾಲೆ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ಹಾಕುತ್ತಾರೆ. ತನ್ನ ಸಂಸ್ಕೃತಿ ಉಳಿಸಿಕೊಳ್ಳಲು ಇಷ್ಟು ಕಾಳಜಿ ಮಾಡಿದ ದೇಶ ಇನ್ನೊಬ್ಬರದನ್ನು ಅಳಿಸಲು ಹೊರಟಿತ್ತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

2025ರಲ್ಲಿ ಮಾತ್ರ ಒಳಗಿದ್ದದ್ದೆಲ್ಲ ಹೊರಗೆ ಬಂತು. ಟ್ರಂಪ್ ಸುಂಕ ಹಾಕಿದರು, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಅಂದರು. ಅಂಗಡಿಗಳ ಕಪಾಟಿನಲ್ಲಿ ಮೇಪಲ್ ಎಲೆಯ ಚೀಟಿಗಳು ಬಂದವು. ಜನ ಡಬ್ಬಿ ತಿರುಗಿಸಿ ಎಲ್ಲಿ ತಯಾರಾದದ್ದು ಅಂತ ಓದತೊಡಗಿದರು. ಮಾರ್ಚ್ 4ರಂದು ನಮ್ಮ ಪ್ರಾಂತ್ಯ ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ತೆಗೆದವು. ಅದಕ್ಕೂ ಮುಂಚೆ, ಫೆಬ್ರವರಿ 20ರಂದು, ಬಾಸ್ಟನ್‌ನಲ್ಲಿ ಕೆನಡಾ ಐಸ್ ಹಾಕಿಯಲ್ಲಿ ಅಮೆರಿಕವನ್ನು 3–2ರಿಂದ ಸೋಲಿಸಿತ್ತು. ಐಸ್ ಹಾಕಿ ನೋಡುತ್ತಾ ಬೆಳೆಯದ ನಮ್ಮಂಥವರಿಗೂ ಆ ಗೆಲುವು ನಮ್ಮದು ಅನ್ನಿಸಿತು. ಹಾಕಿಗೆ ಪಂಜಾಬಿ ವೀಕ್ಷಕ ವಿವರಣೆ ಇಲ್ಲಿನ ಟಿವಿಯಲ್ಲಿ 2008ರಲ್ಲೇ ಶುರುವಾಗಿತ್ತು. ಹೊರಗಿನಿಂದ ಬಂದವರನ್ನು ಇವರ ಅಭಿಮಾನ ಒಳಗೆ ಕರೆದುಕೊಳ್ಳುವುದು ಹೀಗೆ.

ಈಗ ಮನೆ ಮಕ್ಕಳು ರೇಡಿಯೋ ಕೇಳುವುದಿಲ್ಲ, ಎಲ್ಲವೂ ಫೋನಿನಲ್ಲೇ. ಅದಕ್ಕೇ 2023ರಲ್ಲಿ ಸ್ಟ್ರೀಮಿಂಗ್ ಕಂಪನಿಗಳಿಗೂ ಕಾನೂನು ತಂದರು. ದೊಡ್ಡ ಕಂಪನಿಗಳು ಇಲ್ಲಿ ಗಳಿಸುವ ಆದಾಯದ ಶೇ. 5ನ್ನು ಇಲ್ಲಿನ ಹಾಡು, ಕಾರ್ಯಕ್ರಮಗಳಿಗೆ ಕೊಡಬೇಕು ಅಂತ 2024ರಲ್ಲಿ ಆದೇಶವಾಯಿತು. ಕಂಪನಿಗಳು ಕೋರ್ಟಿಗೆ ಹೋದವು. ಈ ಜಗಳದಲ್ಲಿ ನಾನು ಕಾನೂನಿನ ಕಡೆಗೇ. ಇಲ್ಲಿ ದುಡ್ಡು ಮಾಡುವವರು ಇಲ್ಲಿನ ಹಾಡುಗಾರರಿಗೂ ಒಂದು ಪಾಲು ಕೊಡಲಿ.