ಮಡ್‌ಗಾರ್ಡ್ ಯಾಕೆ ಬಿಚ್ಚುತ್ತೆ ಅಂದರೆ

"ನಿನ್ನ ಕಾರಿಗೆ ಮಡ್‌ಗಾರ್ಡ್ ಯಾಕೆ ಬಿಚ್ಚೋ ಹಾಗೆ ಮಾಡಿದ್ದೀಯ? ಫಿಕ್ಸ್ ಮಾಡಿಬಿಡಬಾರದಾ?" ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಮೊದಮೊದಲು ಕುರ್ಚಿ ಹಾಕಿ, ಕಾಫಿ ಕೊಟ್ಟು, ನಿಧಾನವಾಗಿ ಹೇಳುತ್ತಿದ್ದೆ. ಈಗ ಕಾಫಿ ಮಾತ್ರ. ಉತ್ತರ ಇಲ್ಲಿದೆ, ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಮನೆಯಲ್ಲೇ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಿದ್ದೇನೆ. ಚಾಸಿ ನಾನೇ ವೆಲ್ಡ್ ಮಾಡಿದ್ದು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹಳೇ ಮಾರುತಿ ಓಮ್ನಿಯದು. 796 ಸಿಸಿ, ಮೂರು ಸಿಲಿಂಡರ್. ನಗಬೇಡಿ. ಓಮ್ನಿಯಲ್ಲಿ ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ಓಡಿಸುತ್ತದೆ, ನನಗೆ ಬೇಕಾಗಿದ್ದೂ ಅದೇ. ಆಕಾರಕ್ಕೆ 1957ರ ಲೋಟಸ್ ಸೆವೆನ್ ಅನ್ನೋ ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರೇ ಮಾದರಿ. ಚಕ್ರಗಳು ಬಾಡಿಯಿಂದ ಆಚೆ, ಒಂದೊಂದರ ಮೇಲೂ ಸೈಕಲ್ಲಿಗೆ ಇರುವಂಥ ಬಾಗಿದ ಮಡ್‌ಗಾರ್ಡ್. ರಿಜಿಸ್ಟ್ರೇಷನ್ ಇಲ್ಲ, ಹಾಗಾಗಿ ರೋಡಿಗೆ ಇಳಿಸಲ್ಲ. ಓಡಾಟ ಏನಿದ್ದರೂ ನಮ್ಮ ತೋಟದ ದಾರಿಯಲ್ಲೇ. (ಅದು ಜನರ ಎರಡನೇ ಪ್ರಶ್ನೆ. ಅದೂ ಮುಗಿಯಿತು, ಅಲ್ವಾ?)

ಕೇಳಿದ್ದಕ್ಕೆ ಬೇಜಾರಿಲ್ಲ, ಕೇಳುವ ಧಾಟಿಗೆ ಬೇಜಾರು. ಹೋದ ಆಯುಧಪೂಜೆಯ ದಿನ ಮಡ್‌ಗಾರ್ಡ್ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೆ. ಅಮ್ಮ ಅವು ಬೇರೆ ಆಯುಧ ಅಂದುಕೊಂಡು ನಾಲ್ಕಕ್ಕೂ ಕುಂಕುಮ ಇಟ್ಟು, ಒಂದೊಂದು ಸೇವಂತಿಗೆ ಇಟ್ಟಿದ್ದರು. ದೊಡ್ಡಪ್ಪ ಬಂದರು. ಕಾರು ನೋಡಿದರು. "ಏನೋ, ಕೊನೇಲಿ ದುಡ್ಡು ಸಾಲ್ಲಿಲ್ವೇನೋ?" ಅಂದರು. ನೆಂಟರೆಲ್ಲ ನಕ್ಕರು.

ಇಷ್ಟು ದಿನ ನಾನು ಕೊಡುತ್ತಿದ್ದ ಉತ್ತರ: ಕೆಸರು ತೊಳೆಯೋದು ಸುಲಭ, ಒಂದು ಒಡೆದರೆ ಅದನ್ನಷ್ಟೇ ಬದಲಿಸಬಹುದು, ಬ್ರೇಕ್ ಕೆಲಸಕ್ಕೆ ಜಾಗ ಸಿಗುತ್ತದೆ. ಯಾವುದೂ ಸುಳ್ಳಲ್ಲ. ಆದರೆ ಎಲ್ಲ ಆಮೇಲೆ ಹೊಳೆದಿದ್ದು. ನಿಜ ಏನೆಂದರೆ, ಕಾರು ಕಟ್ಟಿದ್ದು ನಮ್ಮ ಹಳೇ ರೇಷ್ಮೆಹುಳು ಮನೆಯಲ್ಲಿ. ಹುಳು ಕೊಲ್ಲುವ ಊಜಿ ನೊಣ ನುಗ್ಗಬಾರದು ಅಂತ ಅದರ ಕಿಟಕಿಗೆಲ್ಲ ಜಾಲರಿ, ಇರುವುದು ಒಂದೇ ಬಾಗಿಲು. ಸೊಪ್ಪಿನ ಹೊರೆ ಹೊತ್ತವರು ನುಗ್ಗುವಷ್ಟು, ನಾಲ್ಕೂವರೆ ಅಡಿ. ಕಾರು ಟೈರಿನಿಂದ ಟೈರಿಗೆ ಅದಕ್ಕಿಂತ ಒಂದಿಂಚು ಕಮ್ಮಿ. ಮಡ್‌ಗಾರ್ಡ್ ಸೇರಿದರೆ ಎರಡಿಂಚು ಜಾಸ್ತಿ. ಅಳತೆ ತೆಗೆದವನು ನಾನೇ. ಗೋಡೆ ಒಡೆಯೋಣ ಅಂದೆ. "ಕಾರು ಬೇಕಾದ್ರೆ ಕೊಯ್ಕೋ, ವಾಸಕಾಲಿಗೆ ಕೈ ಹಚ್ಚಬೇಡ" ಅಂದರು ಅಮ್ಮ.

ಯಾಕೆ ಬಿಚ್ಚುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಓಡುವಾಗ ಯಾಕೆ ಬಿದ್ದುಹೋಗಲ್ಲ ಅಂತ ಒಬ್ಬರಾದರೂ ಕೇಳಬಾರದಾ? ಅದಕ್ಕೆ ನಾನು ಎಂಟು ತಿಂಗಳು ಒದ್ದಾಡಿದ್ದೇನೆ.

ಮೊದಲು ಕೈಯಲ್ಲೇ ತಿರುಗಿಸುವ, ಎರಡು ಕಿವಿಯ ವಿಂಗ್ ನಟ್ ಹಾಕಿದೆ. ಮೂರು ಸಿಲಿಂಡರಿನ ನಡುಕಕ್ಕೆ ಸಡಿಲವಾಗಿ ಒಂದು ನಟ್ ಹಿಪ್ಪುನೇರಳೆ ಸಾಲಿನಲ್ಲಿ ಬಿತ್ತು, ಇನ್ನೂ ಅಲ್ಲೇ ಇದೆ. ಆಮೇಲೆ ನೈಲಾಕ್ ನಟ್. ಸಡಿಲ ಆಗಲ್ಲ, ನಿಜ. ಆದರೆ ಪ್ರತಿ ಸಲ ಸ್ಪ್ಯಾನರ್ ಬೇಕು, ಹತ್ತಾರು ಸಲ ಬಿಚ್ಚಿ ಹಾಕಿದರೆ ಒಳಗಿನ ನೈಲಾನ್ ಸವೆದು ಹಿಡಿತ ಬಿಡುತ್ತದೆ. ಅಷ್ಟರಲ್ಲಿ ಫೈಬರಿನ ಮಡ್‌ಗಾರ್ಡಿನ ತೂತಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತ್ತು.

ಈಗಿರುವುದು ಹೀಗೆ. ಮುಂದಿನ ಚಕ್ರಕ್ಕೆ ಮುಕ್ಕಾಲಿಂಚಿನ ಪೈಪು ಬಗ್ಗಿಸಿ ನಕಲ್‌ಗೆ (ಚಕ್ರ ಹಿಡಿದುಕೊಂಡು ಸ್ಟೀರಿಂಗ್ ಜೊತೆ ತಿರುಗುವ ಭಾಗ) ಬೋಲ್ಟ್ ಮಾಡಿದ್ದೇನೆ, ಚಾಸಿಗಲ್ಲ. ಚಕ್ರ ತಿರುಗಿದರೆ ಮಡ್‌ಗಾರ್ಡೂ ತಿರುಗುತ್ತದೆ, ಗುಂಡಿಯಲ್ಲಿ ಎದ್ದರೆ ಜೊತೆಗೇ ಏಳುತ್ತದೆ. ಅದಕ್ಕೇ ಟೈರಿಗೂ ಅದಕ್ಕೂ 30 ಮಿಲಿಮೀಟರ್ ಸಾಕು. ಹಿಂದಿನವು ಬಾಡಿಗೆ ಕೂತಿವೆ, ಆಕ್ಸಲ್ ಮಾತ್ರ ಕುಣಿಯುತ್ತದೆ. ಅಲ್ಲಿ ಟೈರಿಗೆ ಸೀಮೆಸುಣ್ಣ ಬಳಿದು, ಇಬ್ಬರು ದಪ್ಪ ಭಾವಂದಿರನ್ನು ಹಿಂದೆ ಹತ್ತಿಸಿ ಕುಣಿಸಿದೆ. ಎಡಗಡೆ ಒಳಗೆ ಬಿಳಿ ಗೆರೆ ಮೂಡಿತು. ಎರಡು ಬೆರಳಷ್ಟು ಮೇಲೆತ್ತಿದೆ.

ಮುಂದೆ ಪೈಪಿನ ಮೇಲೆ, ಹಿಂದೆ ಬಾಡಿಯ ಮೇಲೆ, ಒಂದೊಂದು ಮಡ್‌ಗಾರ್ಡಿಗೆ ಎರಡು ಗೂಟ. ಫೈಬರಿನ ಒಳಗೆ ಅಲ್ಯುಮಿನಿಯಂ ಪಟ್ಟಿ, ಎರಡೂ ಕಡೆ ಲಾರಿ ಟ್ಯೂಬು ಕತ್ತರಿಸಿ ಮಾಡಿದ ವಾಷರ್. ಮಡ್‌ಗಾರ್ಡನ್ನು ಅಂಗೈಯಲ್ಲಿ ಒತ್ತಿದರೆ ರಬ್ಬರ್ ಕುಗ್ಗಿ ಗೂಟದ ತೂತು ಕಾಣುತ್ತದೆ. ಆಗ ಟ್ರ್ಯಾಕ್ಟರ್ ನೇಗಿಲಿಗೆ ಹಾಕುವ ಲಿಂಚ್ ಪಿನ್ ತೂರಿಸಿ ಅದರ ಬಳೆ ಮಡಚಬೇಕು, ಟಕ್ ಅನ್ನುತ್ತದೆ. ಕೈ ಬಿಟ್ಟರೆ ರಬ್ಬರೇ ಬಿಗಿ ಹಿಡಿಯುತ್ತದೆ. ಅಲ್ಲಾಡಲ್ಲ, ಸದ್ದೂ ಇಲ್ಲ.

ಆಯುಧಪೂಜೆಯ ದಿನ ದೊಡ್ಡಪ್ಪನ ಎದುರೇ ನಾಲ್ಕೂ ಹಾಕಿದೆ, ಸೇವಂತಿಗೆ ತೆಗೆಯದೆ. ಅವರನ್ನು ಕೂರಿಸಿಕೊಂಡು ಹಸಿ ದಾರಿಯಲ್ಲಿ ತೋಟ ಸುತ್ತಿಸಿದೆ. ಇಳಿದಾಗ ಬಿಳಿ ಪಂಚೆಗೆ ಒಂದು ಹನಿ ಕೆಸರಿಲ್ಲ. ಏನಾದರೂ ಹೇಳುತ್ತಾರೆ ಅಂತ ಕಾದೆ. ಅವರು ಬಗ್ಗಿ ಮುಂದಿನ ಚಕ್ರವನ್ನೇ ನೋಡುತ್ತಿದ್ದರು.

"ಈ ಪಿನ್ನು ನಮ್ಮ ಟ್ರ್ಯಾಕ್ಟರ್‌ದಲ್ವೇನೋ?"

ಎಂಟರಲ್ಲಿ ಎರಡು ಮಾತ್ರ. ಉಳಿದ ಆರಕ್ಕೆ ದುಡ್ಡು ಕೊಟ್ಟಿದ್ದೇನೆ.