ರಕ್ತ ಏರಿಸಿದ್ರೆ ನಾಯಿಯ ಹಾರ್ಟ್ ತಡಿಯತ್ತಾ?

"ಡಾಕ್ಟ್ರೇ, ಹಾರ್ಟಲ್ಲಿ ಏನೋ ಶಬ್ದ ಇದೆ ಅಂತೀರಿ, ಅದರ ಮೇಲೆ ರಕ್ತ ಬೇರೆ ಏರಿಸಿದ್ರೆ ತಡಿಯತ್ತಾ?" ತೀರ್ಥಹಳ್ಳಿ ಕಡೆಯವರೂ ಇದನ್ನೇ ಕೇಳುತ್ತಾರೆ, ಸಾಗರದ ಕಡೆಯವರೂ ಇದನ್ನೇ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಆ "ಅದರ ಮೇಲೆ" ಅನ್ನುವುದೇ ತಪ್ಪು. ಹೃದಯದ್ದೊಂದು ಕಾಯಿಲೆ, ರಕ್ತದ್ದು ಇನ್ನೊಂದು ಎಂದುಕೊಂಡ ಮಾತದು. ಎಷ್ಟೋ ಸಲ ಶಬ್ದಕ್ಕೆ ರಕ್ತಹೀನತೆಯೇ ಕಾರಣ. ಉಣುಗು ಕಚ್ಚಿ ಬೆಬಿಸಿಯಾ (ಕೆಂಪು ರಕ್ತಕಣ ಒಡೆಯುವ ಪರೋಪಜೀವಿ) ಹತ್ತಿದ ನಾಯಿಯಲ್ಲಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 37ರಿಂದ 55 ಇರಬೇಕಾದದ್ದು 12ಕ್ಕೆ ಇಳಿದಿರುತ್ತದೆ. ಕಣ ಕಡಿಮೆಯಾದಷ್ಟೂ ಹೃದಯ ಹೆಚ್ಚು ಸಲ ಬಡಿಯಬೇಕು, ಬಡಿದಾಗಲೆಲ್ಲ ಹೆಚ್ಚು ರಕ್ತ ತಳ್ಳಬೇಕು. ನೀರಾದ ರಕ್ತ ರಭಸದಿಂದ ಹರಿದು ಸುಳಿ ಏಳುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳುವ ಮೆಲ್ಲಗಿನ ಮರ್ಮರ್ ಅದೇ. ವಾರಗಟ್ಟಲೆ ಹೀಗೇ ನಡೆದರೆ ಹೃದಯದ ಎಡಗೋಣೆ ಹಿಗ್ಗುತ್ತದೆ. ರಕ್ತ ಸರಿಹೋದ ಮೇಲೆ ಈ ಶಬ್ದ ಹೋಗುತ್ತದೆ, ಹಿಗ್ಗಿದ್ದೂ ಬಹುಮಟ್ಟಿಗೆ ಇಳಿಯುತ್ತದೆ. ಶಬ್ದ ಹೋಗದಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಕವಾಟ ನೋಡಬೇಕು.

ಅಪಾಯ ಇಲ್ಲವೆಂದಲ್ಲ. ಅದಿರುವುದು ವೇಗದಲ್ಲಿ. ನೀವು ಕೇಳಬೇಕಾದದ್ದು "ಎಷ್ಟು ನಿಧಾನಕ್ಕೆ ಕೊಡ್ತೀರಿ?" ಎಂದು. ಗಾಡಿ ಬಡಿದು ರಕ್ತ ಸುರಿದ ನಾಯಿಯ ನಾಳ ಖಾಲಿಯಾಗಿರುತ್ತದೆ, ಬೇಗ ತುಂಬಿಸಬೇಕು. ತಿಂಗಳಿಂದ ಬಿಳಿಚಿಕೊಂಡ ನಾಯಿಯ ದೇಹ ನೀರು ಹಿಡಿದಿಟ್ಟು ನಾಳ ತುಂಬಿಸಿಕೊಂಡಿರುತ್ತದೆ. ಅದಕ್ಕೆ ಅವಸರದಲ್ಲಿ ಹರಿಸಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. "ಸ್ವಲ್ಪ ಬೇಗ ಬಿಡಿ, ಕೊನೇ ಬಸ್ಸಿದೆ" ಅನ್ನುವವರಿಗೆ ಸಿಟ್ಟು ಮಾಡುವುದು ಇದಕ್ಕೇ.

ಕೆಜಿಗೆ 2 ಮಿಲಿ ಇಡೀ ರಕ್ತ ಕೊಟ್ಟರೆ ಪಿಸಿವಿ ಸುಮಾರು 1 ಏರುತ್ತದೆ. 10 ಕೆಜಿಯ ನಾಯಿಯನ್ನು 12ರಿಂದ 22ಕ್ಕೆ ತರಲು 200 ಮಿಲಿ ಬೇಕು. ಕೆಂಪು ಕಣಗಳನ್ನಷ್ಟೇ ಬೇರ್ಪಡಿಸಿ ತುಂಬಿದ ಚೀಲ ಸಿಕ್ಕರೆ ಅರ್ಧದಷ್ಟು ಸಾಕು, ಹಿಗ್ಗಿದ ಹೃದಯಕ್ಕೆ ಅದೇ ವಾಸಿ. ಮೊದಲ ಅರ್ಧ ಗಂಟೆ, ಗಂಟೆಗೆ ಕೆಜಿಗೆ 1 ಮಿಲಿ ದಾಟಿಸಬಾರದು. ಆಮೇಲೆ 5ರವರೆಗೆ ಹೋಗಬಹುದು. ಹೃದಯದ ಅನುಮಾನ ಇದ್ದರೆ 2ರ ಆಸುಪಾಸಿನಲ್ಲೇ ನಿಲ್ಲಬೇಕು. ಹೊರಗಿಟ್ಟ ರಕ್ತ 4 ಗಂಟೆಯೊಳಗೆ ಮುಗಿಯಬೇಕು, ಆ ವೇಗದಲ್ಲಿ 10 ಕೆಜಿಯ ನಾಯಿಗೆ ಹೋಗುವುದು 80 ಮಿಲಿ ಮಾತ್ರ. ಹಾಗಾಗಿ ಉಳಿದದ್ದನ್ನು ಮೊದಲೇ ಬೇರೆ ಮಾಡಿ ಫ್ರಿಜ್ಜಿನಲ್ಲಿಟ್ಟು, 24 ಗಂಟೆಯೊಳಗೆ ಕೊಡಬೇಕು. ಅದೇ ನಳಿಕೆಗೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಜೋಡಿಸಬಾರದು. ಅದರಲ್ಲಿರುವ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟುತ್ತದೆ.

ಬೆಕ್ಕಿಗೆ ಗುಂಪು ನೋಡದೆ ಒಂದು ಹನಿಯೂ ಕೊಡಿಸಬೇಡಿ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಹೋದರೆ ಮೊದಲ ಸಲವೇ ಜೀವ ಹೋಗಬಹುದು.

ಮನೆಗೆ ಕರೆದುಕೊಂಡು ಹೋದ ಮೇಲೆ ನಾಯಿ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ. ನಿಮಿಷಕ್ಕೆ 30 ದಾಟುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.