ಸ್ವರಾಜ್ ದ್ವೀಪದಲ್ಲಿ ಕಡಲ ಮೇಷ್ಟರ ಹುಡುಕಾಟ

ಅಂಡಮಾನಿನ ಸ್ವರಾಜ್ ದ್ವೀಪದ ಜೆಟ್ಟಿಯಿಂದ ಗೋವಿಂದ ನಗರದ ಕಡೆಗೆ ಹೊರಟರೆ ಅಡಿಕೆ, ತೆಂಗು, ಬಂಗಾಳಿ ಮೀನೂಟದ ಹೋಟೆಲುಗಳು, ನಡುನಡುವೆ ಸ್ಕೂಬಾ ಡೈವಿಂಗ್, ಅಂದರೆ ಸಿಲಿಂಡರಿನ ಗಾಳಿ ಉಸಿರಾಡುತ್ತಾ ಕಡಲಾಳಕ್ಕೆ ಇಳಿಯುವುದನ್ನು, ಕಲಿಸುತ್ತೇವೆ ಎನ್ನುವ ಫಲಕಗಳು. 2018ರವರೆಗೆ ಇದರ ಹೆಸರು ಹ್ಯಾವ್‌ಲಾಕ್. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಇಲ್ಲಿ ನೆಲೆ ಕಂಡುಕೊಂಡವು. ಈಗ ಅವರ ಮೊಮ್ಮಕ್ಕಳು ಸ್ಕೂಟರ್ ಬಾಡಿಗೆಗೆ ಕೊಡುತ್ತಾರೆ. ಅಂಥದ್ದೊಂದು ಸ್ಕೂಟರ್ ಹಿಡಿದು ಏಪ್ರಿಲ್ ಬಿಸಿಲಿನಲ್ಲಿ ಡೈವಿಂಗ್ ಕಲಿಸುವವರನ್ನು ಹುಡುಕುತ್ತಾ ನಾನು ಫಲಕದಿಂದ ಫಲಕಕ್ಕೆ ಅಲೆದೆ.

ಉಡುಪಿ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ದ್ರವದ ಒತ್ತಡದ ಪಾಠವನ್ನು ವರ್ಷ ವರ್ಷವೂ ಮಾಡುತ್ತೇನೆ. ಹತ್ತು ಮೀಟರ್ ಆಳಕ್ಕೆ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡು ಪಟ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಗಾಳಿಯನ್ನು ಎದೆಯಲ್ಲಿ ಬಿಗಿಹಿಡಿದು ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಸ್ಕೂಬಾದ ಮೊದಲ ನಿಯಮ, ಉಸಿರು ಕಟ್ಟಬೇಡ ಎಂಬುದು, ಹುಟ್ಟಿದ್ದೇ ಇದರಿಂದ. ಹಾಗಾಗಿ ಕಲಿಸುವವರು ಯಾರು ಎಂಬುದು ನನಗೆ ದುಡ್ಡಿಗಿಂತ ದೊಡ್ಡ ಪ್ರಶ್ನೆಯಾಗಿತ್ತು. ಡೈವಿಂಗ್ ತರಬೇತಿಯ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ 1966ರಲ್ಲಿ ಶುರುವಾದ ಪ್ಯಾಡಿ ಇರಲಿ, 1970ರ ಎಸ್‌ಎಸ್‌ಐ ಇರಲಿ, ಆರಂಭಿಕರ ಓಪನ್ ವಾಟರ್ ಕೋರ್ಸಿನ ಸಾರ ಹೆಚ್ಚುಕಡಿಮೆ ಒಂದೇ: ಓದು, ತಗ್ಗು ನೀರಿನಲ್ಲಿ ಅಭ್ಯಾಸ, ಕಡಲಿನಲ್ಲಿ ಕನಿಷ್ಠ ನಾಲ್ಕು ಇಳಿತ, ಗರಿಷ್ಠ 18 ಮೀಟರ್ ಆಳ. ಪಠ್ಯಪುಸ್ತಕ ಒಂದೇ ಆದರೂ ಎಲ್ಲ ಶಾಲೆಗಳ ಮಕ್ಕಳು ಒಂದೇ ಥರ ಕಲಿಯುವುದಿಲ್ಲವಲ್ಲ.

ಮೊದಲು ಹೊಕ್ಕ ಅಂಗಡಿಯಲ್ಲಿ ಆರೋಗ್ಯದ ಪ್ರಶ್ನಾವಳಿ ಕೈಗಿತ್ತರು. ಆಸ್ತಮಾ, ಹೃದ್ರೋಗ, ಕಿವಿಯ ತೊಂದರೆ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ಚಿಕ್ಕಂದಿನಲ್ಲಿ ನನಗೆ ಕಿವಿ ಸೋರುತ್ತಿತ್ತು. ಹೊರಡುವ ಮುಂಚೆ ತಜ್ಞ ವೈದ್ಯರಿಗೆ ತೋರಿಸಿ, ಕಿವಿಯ ತಮಟೆ ಸರಿಯಿದೆ, ಡೈವಿಂಗ್‌ಗೆ ಅಡ್ಡಿಯಿಲ್ಲ ಎಂದು ಪತ್ರ ಬರೆಸಿಕೊಂಡಿದ್ದೆ. ಪತ್ರ ತೆಗೆಯುವ ಮೊದಲೇ ಮೇಜಿನ ಹಿಂದಿದ್ದವರು, "ಎಲ್ಲದಕ್ಕೂ ಇಲ್ಲ ಅಂತ ಬರೆದುಬಿಡಿ ಮೇಡಂ, ಸುಮ್ಮನೆ ಯಾಕೆ ತಾಪತ್ರಯ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಜೀವದ ಮಾತು ತಾಪತ್ರಯವೆನಿಸುವ ಕಡೆ ಇನ್ನೇನು ಕೇಳುವುದಿದೆ? ಎದ್ದು ಬಂದೆ. ಮತ್ತೊಂದು ಕಡೆ ನೀರಿನಡಿಯ ವಿಡಿಯೋ ಎಷ್ಟು ಚೆನ್ನಾಗಿ ಬರುತ್ತದೆಂದು ಬಹಳ ಹೊತ್ತು ವಿವರಿಸಿದರು. ಕಲಿಸುವವರು ಯಾರು ಎಂದು ಕೇಳಿದಾಗ, "ಬೆಳಿಗ್ಗೆ ಯಾರು ಬಿಡುವಾಗಿದ್ದರೆ ಅವರು" ಎಂಬ ಉತ್ತರ ಬಂತು.

ನನ್ನ ಮೇಷ್ಟರು ಸಿಕ್ಕಿದ್ದು ಸಂಜೆ, ಅಂಗಡಿಯ ಹಿಂದಿನ ಸಿಮೆಂಟು ತೊಟ್ಟಿಯ ಬಳಿ. ದಿನದ ಕೆಲಸ ಮುಗಿದ ಮೇಲೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರುಗಳನ್ನು ಸಿಹಿನೀರಿನಲ್ಲಿ ಅದ್ದಿ, ಒಂದೊಂದನ್ನೂ ಕೈಯಾರೆ ತೊಳೆದು ನೇತು ಹಾಕುತ್ತಿದ್ದರು. ಮಧ್ಯ ಅಂಡಮಾನಿನ ಮಾಯಾಬಂದರ್ ಬಳಿಯ ವೇಬಿಯವರು, ಕರೆನ್ ಜನಾಂಗದವರು. 1925ರಲ್ಲಿ ಬ್ರಿಟಿಷರು ಬರ್ಮಾದಿಂದ ಕರೆತಂದು ನೆಲೆಗೊಳಿಸಿದ ಸಮುದಾಯ ಅದು. ದೋಣಿಯಲ್ಲಿ ಸಿಲಿಂಡರ್ ಹೊರುವ ಕೆಲಸದಿಂದ ಶುರುಮಾಡಿ, ಡೈವ್ ಮಾಸ್ಟರ್ ಆಗಿ, ಆಮೇಲೆ ಇನ್‌ಸ್ಟ್ರಕ್ಟರ್ ಪರೀಕ್ಷೆ ಮುಗಿಸಿದವರು. ಈ ಎರಡು ಹುದ್ದೆಗಳ ವ್ಯತ್ಯಾಸ ತಿಳಿದಿರಬೇಕು: ಪರಿಣತರನ್ನು ಕರೆದುಕೊಂಡು ಹೋಗಲು ಡೈವ್ ಮಾಸ್ಟರ್ ಸಾಕು, ಹೊಸಬರಿಗೆ ಕೋರ್ಸ್ ಕಲಿಸಿ ಪ್ರಮಾಣಪತ್ರ ಕೊಡಲು ಇನ್‌ಸ್ಟ್ರಕ್ಟರೇ ಆಗಬೇಕು. ನಾನು ಕೇಳಿದ ಕೂಡಲೇ ಬೇಸರಿಸದೆ ತಮ್ಮ ಇನ್‌ಸ್ಟ್ರಕ್ಟರ್ ಸಂಖ್ಯೆ ಕೊಟ್ಟರು. ಅದು ಚಾಲ್ತಿಯಲ್ಲಿದೆಯೇ ಎಂದು ಮೊಬೈಲಿನಲ್ಲಿ ಸಂಸ್ಥೆಯ ಜಾಲತಾಣ ತೆರೆದು ಅವರೆದುರೇ ನೋಡಿದೆ.

ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು. ಈಜು ಎಲ್ಲಿ ಕಲಿತದ್ದು? ನೀರಿನಲ್ಲಿ ಯಾವತ್ತಾದರೂ ಹೆದರಿದ್ದು ಉಂಟೇ? ವಾಪಸ್ ವಿಮಾನ ಯಾವತ್ತು? ಕೊನೆಯ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಹಲವು ಬಾರಿ ಆಳಕ್ಕೆ ಇಳಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ದೇಹದಲ್ಲಿ ಕರಗಿ ಉಳಿದ ಸಾರಜನಕ ಹೊರಹೋಗಲು ಅಷ್ಟು ಹೊತ್ತು ಬೇಕು. ಅವರು ವಿಮಾನದ ದಿನದಿಂದ ಹಿಂದಕ್ಕೆ ಎಣಿಸುತ್ತಾ ನನ್ನ ಪಾಠದ ದಿನಗಳನ್ನು ಗೊತ್ತುಮಾಡಿದರು. ವೈದ್ಯರ ಪತ್ರವನ್ನು ಪೂರ್ತಿ ಓದಿ ಅರ್ಜಿಗೆ ಲಗತ್ತಿಸಿದರು. ಒಬ್ಬ ಶಿಕ್ಷಕನ ಜೊತೆ ಎಂಟು ಮಂದಿಯವರೆಗೆ ಕಡಲಿಗಿಳಿಯಲು ಪ್ಯಾಡಿ ನಿಯಮ ಒಪ್ಪುತ್ತದೆ. "ಎಂಟು ಜನರ ಕಣ್ಣು ಒಟ್ಟಿಗೆ ನೋಡಲು ನನಗೆ ಆಗುವುದಿಲ್ಲ" ಎಂದರು ಹಿಂದಿಯಲ್ಲಿ. ನನ್ನ ತಂಡದಲ್ಲಿ ಇದ್ದದ್ದು ನಾನು ಮತ್ತು ಕೊಲ್ಕತ್ತದ ಒಬ್ಬ ಹುಡುಗ, ಇಬ್ಬರೇ.

ಕಣ್ಣು ಎಂದು ಅವರು ಯಾಕೆ ಹೇಳಿದರು ಎಂಬುದು ನೀರಿಗಿಳಿದ ಮೇಲೆ ತಿಳಿಯಿತು. ನೀರಿನಡಿ ಮಾತಿಲ್ಲ. ಮಾತಿನ ಬಲದಿಂದಲೇ ತರಗತಿ ನಡೆಸುವ ನನ್ನಂಥವಳಿಗೆ ಅವರ ಪಾಠ ನೋಡುವುದೇ ಒಂದು ಪಾಠವಾಗಿತ್ತು. ಎದೆಮಟ್ಟದ ನೀರಿನ ತಳದಲ್ಲಿ ಮರಳಿನ ಮೇಲೆ ಎದುರುಬದುರು ಮಂಡಿಯೂರಿ ಕೂತೆವು. ಮಾಸ್ಕ್‌ಗೆ ತುಂಬಿದ ನೀರನ್ನು ಹೊರಹಾಕುವುದನ್ನು ಅವರು ಬಿಡಿ ಬಿಡಿಯಾಗಿ ಮಾಡಿ ತೋರಿಸಿದರು: ಮೇಲಂಚನ್ನು ಬೆರಳಿನಿಂದ ಹಣೆಗೆ ಒತ್ತು, ಒಂದು ನಿಲುಗಡೆ, ತಲೆ ಮೇಲೆತ್ತು, ಮತ್ತೊಂದು ನಿಲುಗಡೆ, ಮೂಗಿನಿಂದ ನಿಧಾನವಾಗಿ ಗಾಳಿ ಬಿಡು. ಒಂದು ಕ್ರಿಯೆ ಮುಗಿಯದೆ ಇನ್ನೊಂದಿಲ್ಲ. ಮೂಗಿಗೆ ಉಪ್ಪುನೀರು ನುಗ್ಗಿ ನನ್ನ ಉಸಿರು ಏರುಪೇರಾದಾಗ ಅವರು ನನ್ನನ್ನು ಹಿಡಿಯಲಿಲ್ಲ. ಅಂಗೈಯನ್ನು ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಚಲಿಸಿದರು, ಆ ಲಯಕ್ಕೆ ನನ್ನ ಉಸಿರು ಬಂದು ಸೇರುವವರೆಗೆ. ಅವರ ಇನ್ನೊಂದು ಕೈ ಮಾತ್ರ ನನ್ನ ಜಾಕೆಟ್ಟಿನಿಂದ ಒಂದು ಗೇಣು ದೂರದಲ್ಲಿ ಸಿದ್ಧವಾಗಿಯೇ ಇತ್ತು.

ದೋಣಿ ಏರಿದ ದಿನವೂ ಆತುರವಿರಲಿಲ್ಲ. ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ತಿಳಿಯಲು, ಒತ್ತಡದ ಮಾಪಕ ನೋಡುತ್ತಲೇ ರೆಗ್ಯುಲೇಟರಿನಲ್ಲಿ ಕೆಲವು ಸಲ ಉಸಿರಾಡಲು ಹೇಳಿದರು. ಮುಳ್ಳು ಅಲ್ಲಾಡದಿದ್ದರೆ ಸರಿ. ಉಸಿರೆಳೆದಾಗಲೆಲ್ಲ ಬಿದ್ದು ಏಳುತ್ತಿದ್ದರೆ ವಾಲ್ವ್ ಅರೆಬರೆ ತೆರೆದಿದೆ ಎಂದರ್ಥ. ತಾವೇ ನೋಡಿ ಮುಗಿಸಬಹುದಿತ್ತು, ಮುಗಿಸಲಿಲ್ಲ. ಪ್ರತಿಬಾರಿಯೂ ನಮ್ಮಿಂದಲೇ ಮಾಡಿಸಿದರು.

ಒಂದು ಬೆಳಿಗ್ಗೆ ನನ್ನ ಎಡಗಿವಿ ಕೈಕೊಟ್ಟಿತು. ಇಳಿಯುವಾಗ ಕಿವಿಯ ಒಳಹೊರಗಿನ ಒತ್ತಡ ಸರಿದೂಗಬೇಕು, ಮೂಗು ಹಿಡಿದು ಮೆಲ್ಲಗೆ ಊದಿದರೂ ಕಿವಿ ತೆರೆಯದು. ಅವರು ನನ್ನನ್ನು ಒಂದು ಮೀಟರ್ ಮೇಲಕ್ಕೆ ಕರೆದೊಯ್ದು ಕಾದರು, ಮತ್ತೆ ಇಳಿಸಿದರು, ಮತ್ತೆ ಕಾದರು. ಕೊನೆಗೆ ಹೆಬ್ಬೆರಳು ಮೇಲೆತ್ತಿದರು. ನೆಲದ ಮೇಲೆ ಅದು ಶಭಾಷ್ ಎಂಬ ಸನ್ನೆ. ನೀರಿನಡಿ ಮೇಲಕ್ಕೆ ಹೋಗೋಣ ಎಂಬ ಆಜ್ಞೆ. ದೋಣಿಯಲ್ಲಿ ಮೊದಲು ಕೇಳಿದ್ದು, "ಶೀತದ ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ?" ಎಂದು. ಇಲ್ಲ ಎಂದೆ. ಮಾತ್ರೆಯ ಬಲದಲ್ಲಿ ಇಳಿದವರಿಗೆ ತಳದಲ್ಲಿರುವಾಗ ಅದರ ಪ್ರಭಾವ ಇಳಿದುಹೋದರೆ, ಮೇಲೆ ಬರುವಾಗ ಒಳಗಿನ ಗಾಳಿ ಹೊರಬರಲಾಗದೆ ಕಿವಿಗೆ ಪೆಟ್ಟಾಗುತ್ತದೆ ಎಂದು ವಿವರಿಸಿದರು. "ಇವತ್ತು ಬೇಡ. ಊಟ ಮಾಡಿ ಮಲಗಿ. ನಾಳೆ ಕಿವಿ ಹೇಗಿದೆ ಅಂತ ನೋಡಿ ಹೇಳಿ." ಅಷ್ಟೇ. ಆ ಹೊತ್ತು ಅವರ ಮೇಲೆ ಮೂಡಿದ ವಿಶ್ವಾಸ ಯಾವ ಪ್ರಮಾಣಪತ್ರ ನೋಡಿದರೂ ಮೂಡುವಂಥದ್ದಲ್ಲ.

ಕಿವಿ ತೆರೆದ ಮೇಲೆ ನೀಮೋ ರೀಫ್‌ನಲ್ಲಿ ಕಂಡದ್ದನ್ನು ಬೇರೆಯವರೂ ಬರೆದಿದ್ದಾರೆ: ಕಡಲಹೂವಿನ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು, ಹವಳವನ್ನು ಕಟಕಟನೆ ಕಡಿಯುವ ಗಿಣಿಮೀನು. ಆ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕೆಳಗೆ ಹವಳವಿದ್ದಾಗ ಕಾಲು ತಗಲದಂತೆ, ಬರೀ ಉಸಿರಿನ ಹದದಿಂದ ತೇಲಿ ನಿಲ್ಲುವುದನ್ನು ಅವರು ಅಷ್ಟೇ ಕಟ್ಟುನಿಟ್ಟಾಗಿ ಕಲಿಸಿದ್ದರಿಂದ ನಾನು ಏನನ್ನೂ ತುಳಿಯದೆ ನೋಡಿದೆ.

ನಮ್ಮ ಕರಾವಳಿಯಲ್ಲೂ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಡೈವಿಂಗ್ ನಡೆಯುತ್ತದೆ. ಅಲ್ಲಿಗೆ ಬರುವ ಹೆಚ್ಚಿನವರದು ಒಂದೇ ಸಲದ ಅನುಭವ. ಮಾರ್ಗದರ್ಶಕರು ಹಿಂದಿನಿಂದ ಸಿಲಿಂಡರ್ ಹಿಡಿದು ಕರೆದೊಯ್ಯುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಅದು ಕಲಿಕೆಯಲ್ಲ. ನನ್ನ ಜೊತೆ ಕೆಲಸ ಮಾಡುವ ಇಂಗ್ಲಿಷ್ ಮೇಡಂಗೆ ಈಗ ಕಲಿಯುವ ಹುಮ್ಮಸ್ಸು ಬಂದಿದೆ. ಅಕ್ಟೋಬರಿನಲ್ಲಿ ಅವರ ಪರವಾಗಿ ನಾನೇ ನೇತ್ರಾಣಿಯ ಡೈವಿಂಗ್‌ನವರಿಗೆ ಫೋನ್ ಮಾಡಿ, ಯಾರು ಕಲಿಸುತ್ತಾರೆ, ಒಬ್ಬರಿಗೆ ಎಷ್ಟು ಮಂದಿ ಎಂದೆಲ್ಲ ವಿಚಾರಿಸಿದೆ. ಆ ಕಡೆಯವರು ತಾಳ್ಮೆಯಿಂದ ಉತ್ತರಿಸಿ, "ಮಳೆಯ ನೀರು ಇನ್ನೂ ತಿಳಿಯಾಗಿಲ್ಲ, ಈಗ ಬಂದರೆ ಕಲಿಯುವವರಿಗೆ ಕಷ್ಟ. ಡಿಸೆಂಬರಿನಲ್ಲಿ ಬನ್ನಿ. ಅವರಿಗೆ ಕಿವಿ, ಸೈನಸ್ ತೊಂದರೆ ಏನಾದರೂ ಉಂಟಾ?" ಎಂದು ಕೇಳಿದರು. ಡಿಸೆಂಬರಿಗೆ ಇಬ್ಬರ ಹೆಸರನ್ನೂ ಬರೆಸಿದೆ.